ಐದರ ವರ್ಣಮಾಲೆ, ಹನ್ನೆರಡರ ಅಚ್ಚು

ದೆಹಲಿ, ನೊಯಿಡಾ, ಗುರುಗ್ರಾಮಗಳಲ್ಲಿ ಚದುರಿರುವ ಕನ್ನಡ ಕುಟುಂಬಗಳ ಸಣ್ಣ ಬಳಗವೊಂದಕ್ಕೆ ನಾನು ಸದಸ್ಯರ ಪಟ್ಟಿಯ ಜಾಲಪುಟ ಮಾಡಿಕೊಟ್ಟೆ. ಇನ್ನೂರಕ್ಕೂ ಹೆಚ್ಚು ಹೆಸರುಗಳಿದ್ದವು. ಅಕಾರಾದಿಯಾಗಿ ಜೋಡಿಸಿ, ಮೂರು ಕಾಲಂ ಮಾಡಿ, ಒಂದೊಂದು ಹೆಸರಿಗೂ ಒಂದೊಂದು ಚೌಕ ಕೊಟ್ಟಿದ್ದೆ. ನೋಡುವುದಕ್ಕೆ ಅಂದವಾಗಿತ್ತು. ಮರುದಿನ ಬೆಳಿಗ್ಗೆ ಹಿರಿಯರೊಬ್ಬರು ಫೋನ್ ಮಾಡಿದರು. "ಏನಮ್ಮಾ, ಈ ವರ್ಷದ ಚಂದಾ ಕಟ್ಟಿದ್ದೀನಿ, ರಸೀದಿನೂ ಇಟ್ಕೊಂಡಿದ್ದೀನಿ. ನನ್ನ ಹೆಸರು ಯಾಕೆ ತೆಗೆದುಬಿಟ್ರಿ?"

ಅವರ ಹೆಸರು ಪಟ್ಟಿಯಲ್ಲಿತ್ತು, ಎರಡನೆಯ ಕಾಲಂನಲ್ಲಿ. ಅವರು ಟೆಲಿಫೋನ್ ಡೈರೆಕ್ಟರಿ ನೋಡಿ ಬೆಳೆದವರು. ಮೊದಲ ಕಾಲಂನ ಮೇಲೆ ಬೆರಳಿಟ್ಟು ಕೆಳಗಿಳಿಸುತ್ತಾ ಹೋಗಿದ್ದರು. ನನ್ನ ಟೆಂಪ್ಲೇಟ್ ಹೆಸರುಗಳನ್ನು ಅಡ್ಡಡ್ಡಲಾಗಿ ತುಂಬಿತ್ತು: ಮೊದಲನೆಯದು ಎಡಕ್ಕೆ, ಎರಡನೆಯದು ನಡುವೆ, ಮೂರನೆಯದು ಬಲಕ್ಕೆ, ನಾಲ್ಕನೆಯದು ಮತ್ತೆ ಎಡಕ್ಕೆ. ಹೀಗೆ ತುಂಬಿದ ಪಟ್ಟಿಯ ಮೊದಲ ಕಾಲಂ ಒಂದನ್ನೇ ಓದಿದರೆ ಅಕಾರದಿಂದ ಹಕಾರದವರೆಗೆ ಎಲ್ಲ ಅಕ್ಷರಗಳೂ ಕ್ರಮವಾಗಿಯೇ ಸಿಗುತ್ತವೆ. ಏನೋ ಬಿಟ್ಟುಹೋಗಿದೆ ಎಂಬ ಗುಮಾನಿಯೇ ಬರುವುದಿಲ್ಲ. ಆದರೆ ಮೂರರಲ್ಲಿ ಎರಡು ಪಾಲು ಹೆಸರುಗಳು ಆ ಕಾಲಂನಲ್ಲಿ ಇರುವುದಿಲ್ಲ. ತಮ್ಮ ಹೆಸರನ್ನು ತೆಗೆದುಹಾಕಿದ್ದಾರೆಂದು ಅವರು ಭಾವಿಸಿದ್ದು ನ್ಯಾಯವಾಗಿಯೇ ಇತ್ತು. ತಪ್ಪು ನನ್ನದು. ಹೆಸರುಗಳನ್ನು ಯಾವ ದಿಕ್ಕಿನಲ್ಲಿ ಓದುತ್ತಾರೆ ಎಂದು ನಾನು ಯೋಚಿಸಿರಲಿಲ್ಲ. ಟೆಂಪ್ಲೇಟ್ ಯೋಚಿಸಿದ್ದನ್ನು ಹಾಗೆಯೇ ಒಪ್ಪಿಕೊಂಡಿದ್ದೆ.

ಗುರುಗ್ರಾಮದಲ್ಲಿ ನನ್ನ ಉದ್ಯೋಗವೇ ಇದು. ಒಂದು ಕಡೆ ಡೇಟಾ ಇರುತ್ತದೆ: ಹೋಟೆಲುಗಳು, ಬಾಡಿಗೆ ಮನೆಗಳು, ವಿಮೆಯ ಕಂತುಗಳು, ಔಷಧಿಗಳು. ಇನ್ನೊಂದು ಕಡೆ ಓದುಗರ ಪರದೆ ಇರುತ್ತದೆ. ನಡುವೆ ಟೆಂಪ್ಲೇಟ್, ಅಂದರೆ ಅಚ್ಚು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ಮರದ ಅಚ್ಚಿನಂತೆಯೇ ಇದರ ಕೆಲಸ. ಒಮ್ಮೆ ಕೊರೆದಿಟ್ಟರೆ ಎಷ್ಟು ಬಾರಿ ಬೇಕಾದರೂ ಪಾಕ ಹೊಯ್ಯಬಹುದು. ಸಕ್ಕರೆ ಪಾಕಕ್ಕೆ ತನ್ನದೇ ಆಕಾರವಿಲ್ಲ, ಆನೆಯಾಗೆಂದರೆ ಆನೆ, ಗೋಪುರವಾಗೆಂದರೆ ಗೋಪುರ. ಡೇಟಾಕ್ಕೆ ಆಕಾರವಿದೆ. ಅದನ್ನು ಎಷ್ಟು ಕಾಲಂಗಳಲ್ಲಿ, ಯಾವ ದಿಕ್ಕಿನಲ್ಲಿ ಕೂರಿಸಬೇಕೆಂಬುದು ಅಲಂಕಾರದ ಪ್ರಶ್ನೆಯಲ್ಲ, ಅರ್ಥದ ಪ್ರಶ್ನೆ. ಆ ತೀರ್ಮಾನವನ್ನು ಅಚ್ಚಿಗೆ ಬಿಟ್ಟುಕೊಡಬಾರದು ಎಂಬುದು ನನ್ನ ವಾದ.

ಒಂದನೇ ತರಗತಿಯ ಗೋಡೆಯ ಮೇಲಿನ ವರ್ಗೀಯ ವ್ಯಂಜನಗಳನ್ನು ನೆನಪಿಗೆ ತಂದುಕೊಳ್ಳಿ. ಐದು ಸಾಲು, ಐದು ಕಾಲಂ, ಇಪ್ಪತ್ತೈದು ಮನೆ. ಕ ಖ ಗ ಘ ಙ ಎಂಬ ಸಾಲು ಕಂಠದ್ದು, ಚ ಛ ಜ ಝ ಞ ತಾಲುವಿನದು, ಕೊನೆಯ ಪ ಫ ಬ ಭ ಮ ತುಟಿಯದು. ಅಡ್ಡ ಓದಿದರೆ ಉಚ್ಚಾರಣೆಯ ಸ್ಥಾನ ತಿಳಿಯುತ್ತದೆ. ಉದ್ದ ಓದಿದರೆ ಉಚ್ಚಾರಣೆಯ ರೀತಿ: ಎರಡನೆಯ ಮತ್ತು ನಾಲ್ಕನೆಯ ಕಾಲಂಗಳು ಪೂರ್ತಿ ಮಹಾಪ್ರಾಣ, ಐದನೆಯದು ಪೂರ್ತಿ ಅನುನಾಸಿಕ. 'ಅಂಕ', 'ಪಂಚ', 'ಕಂಪು' ಈ ಮೂರು ಪದಗಳಲ್ಲಿ ಸೊನ್ನೆ ಒಂದೇ ಆದರೂ ನಾಲಗೆ ಅದನ್ನು ಮೂರು ರೀತಿಯಲ್ಲಿ ಉಚ್ಚರಿಸುತ್ತದೆ. ಮುಂದಿನ ಅಕ್ಷರ ಯಾವ ಸಾಲಿನದೋ ಆ ಸಾಲಿನ ಕೊನೆಯ ಮನೆಯ ಧ್ವನಿ ಸೊನ್ನೆಗೆ ಬರುತ್ತದೆ. ಮೇಷ್ಟರು ಬೆತ್ತದ ತುದಿಯನ್ನು ಸಾಲಿನುದ್ದಕ್ಕೂ ಎಳೆದು ಇದನ್ನು ತೋರಿಸಿಕೊಟ್ಟಾಗ ವ್ಯಾಕರಣದ ಒಂದು ನಿಯಮ ಕಣ್ಣಿಗೆ ಕಾಣುತ್ತಿತ್ತು.

ಈಗ ಇದೇ ಇಪ್ಪತ್ತೈದು ಅಕ್ಷರಗಳನ್ನು ಮೂರು ಕಾಲಂನ ಟೆಂಪ್ಲೇಟಿಗೆ ಹಾಕಿ. ಮೊದಲ ಸಾಲು ಕ ಖ ಗ, ಎರಡನೆಯದು ಘ ಙ ಚ, ಮೂರನೆಯದು ಛ ಜ ಝ. ಮೊದಲ ಕಾಲಂ ಕ, ಘ, ಛ, ಞ ಎಂದು ಇಳಿಯುತ್ತದೆ. ಈ ನಾಲ್ಕಕ್ಕೂ ಯಾವ ಸಂಬಂಧವೂ ಇಲ್ಲ. ಒಂದು ಅಕ್ಷರವೂ ಕಳೆದುಹೋಗಿಲ್ಲ, ಅನುಕ್ರಮವೂ ತಪ್ಪಿಲ್ಲ, ಆದರೂ ಕಲಿಸಬೇಕಾದದ್ದು ನಾಶವಾಯಿತು. ಅದೇ ಅವರ್ಗೀಯ ವ್ಯಂಜನಗಳನ್ನು ನೋಡಿ: ಯ ರ ಲ ವ ಶ ಷ ಸ ಹ ಳ. ಒಂಬತ್ತನ್ನು ಮೂರರಂತೆ ಮಡಿಸಿ, ಐದರಂತೆ ಮಡಿಸಿ, ಒಂದೇ ಸಾಲಿನಲ್ಲಿ ಬಿಡಿ, ಏನೂ ಕೆಡುವುದಿಲ್ಲ. ಅದು ಪಟ್ಟಿ. ವರ್ಗೀಯವೋ ಕೋಷ್ಟಕ.

ಪರದೆಯ ಮೇಲೆ ಎರಡೂ ಚೌಕಚೌಕವಾಗಿ ಒಂದೇ ಥರ ಕಾಣುತ್ತವೆ. ಗೊಂದಲದ ಬೇರು ಇರುವುದು ಇಲ್ಲೇ. ಕೋಷ್ಟಕದಲ್ಲಿ ಸಾಲಿಗೂ ಕಾಲಂಗೂ ಬೇರೆ ಬೇರೆ ಅರ್ಥವಿರುತ್ತದೆ. ಪಟ್ಟಿಗೆ ಇರುವುದು ಒಂದೇ ದಿಕ್ಕು. ಜಾಗ ಉಳಿಸಲೆಂದು ನಾವು ಅದನ್ನು ಸೀರೆಯಂತೆ ಮಡಿಸಿ ಇಡುತ್ತೇವೆ, ಮಡಿಕೆ ಎಲ್ಲಿ ಬಿದ್ದರೂ ಸೀರೆ ಸೀರೆಯೇ. ಟೆಂಪ್ಲೇಟಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಅದರೊಳಗಿನ ಲೂಪ್ ಒಂದು ಅಂಶ ತೆಗೆದುಕೊಳ್ಳುತ್ತದೆ, ಒಂದು ಮನೆಯಲ್ಲಿ ಇಡುತ್ತದೆ, ಸಾಲು ತುಂಬಿದರೆ ಕೆಳಗಿಳಿಯುತ್ತದೆ.

ಅಚ್ಚುಗಳಿಗೂ ಒಂದು ಚರಿತ್ರೆಯಿದೆ, ಅದನ್ನು ತಿಳಿಯದೆ ಇಂದಿನ ಅಭ್ಯಾಸ ಅರ್ಥವಾಗುವುದಿಲ್ಲ. ಜಾಲಪುಟ ಬರೆಯುವ ಭಾಷೆಯ ಆವೃತ್ತಿಯಾಗಿ 1997ರ ಜನವರಿಯಲ್ಲಿ ಬಂದ ಎಚ್‌ಟಿಎಂಎಲ್ 3.2ರಲ್ಲಿ ಕೋಷ್ಟಕಕ್ಕೆ ಅಧಿಕೃತ ಸ್ಥಾನ ಸಿಕ್ಕಿತ್ತು. ಆಗ ಪುಟವನ್ನು ಕಾಲಂಗಳಾಗಿ ವಿಂಗಡಿಸಲು ಬೇರೆ ಒಳ್ಳೆಯ ಸಾಧನವಿರಲಿಲ್ಲವಾದ್ದರಿಂದ ವಿನ್ಯಾಸಕಾರರು ಕೋಷ್ಟಕವನ್ನೇ ಗೋಡೆ ಕಟ್ಟಲು ಬಳಸಿದರು. ಎಡಕ್ಕೆ ಮೆನು, ನಡುವೆ ಬರಹ, ಬಲಕ್ಕೆ ಜಾಹೀರಾತು, ಎಲ್ಲವೂ ಕೋಷ್ಟಕದ ಮನೆಗಳೊಳಗೆ. ಅದು ದುರುಪಯೋಗವೇ. ಮುಂದೆ ಅದರ ವಿರುದ್ಧ ದೊಡ್ಡ ಚಳವಳಿಯಂತಹುದು ನಡೆಯಿತು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ 'ಟೇಬಲ್ ಬಳಸಬೇಡಿ' ಎಂಬುದು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠವಾಗಿತ್ತು. ಗೋಡೆ ಕಟ್ಟಲು ಬಳಸಬೇಡಿ ಎಂಬ ಮಾತು ಬಾಯಿಂದ ಬಾಯಿಗೆ ಹೋಗುತ್ತಾ ಬಳಸಲೇ ಬೇಡಿ ಎಂದಾಯಿತು. ನಿಜವಾದ ಕೋಷ್ಟಕಗಳನ್ನೂ ಜನ ಕಿತ್ತು ಕಾರ್ಡುಗಳೆಂಬ ಬಿಡಿ ಚೌಕಗಳಾಗಿ ಹರಡಿದರು.

ಅದೇ ಕಾಲಕ್ಕೆ, 2011ರಲ್ಲಿ, ಟ್ವಿಟರ್ ಸಂಸ್ಥೆಯಿಂದ ಬೂಟ್‌ಸ್ಟ್ರಾಪ್ ಎಂಬ ಸಿದ್ಧ ಚೌಕಟ್ಟು ಹೊರಬಂದು ಲೋಕದ ತುಂಬ ಹರಡಿತು. ಅದು ಪುಟದ ಅಗಲವನ್ನು ಹನ್ನೆರಡು ಪಾಲು ಮಾಡುತ್ತದೆ. ಹನ್ನೆರಡೇ ಏಕೆಂದರೆ ಎರಡು, ಮೂರು, ನಾಲ್ಕು, ಆರರಿಂದ ಸಮನಾಗಿ ಭಾಗವಾಗುತ್ತದೆ. ಆದರೆ ಐದರಿಂದ ಭಾಗವಾಗುವುದಿಲ್ಲ, ಏಳರಿಂದಲೂ ಇಲ್ಲ. ನಮ್ಮ ಅಕ್ಷರಮಾಲೆ ಐದರದು, ವಾರ ಏಳರದು. ಕನ್ನಡದ ಮಗು ಶಾಲೆಯಲ್ಲಿ ನೋಡುವ ಮೊದಲ ಕೋಷ್ಟಕವೂ ಮನೆಯ ಗೋಡೆಯ ಮೇಲೆ ದಿನಾ ನೋಡುವ ಕೋಷ್ಟಕವೂ ಆ ಅಚ್ಚಿಗೆ ಹೊರಗಿನವು. 2017ರ ಮಾರ್ಚ್ ತಿಂಗಳೊಂದರಲ್ಲೇ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರೂ ಸಿಎಸ್‌ಎಸ್ ಗ್ರಿಡ್ ಎಂಬ ವಿನ್ಯಾಸ ವಿಧಾನವನ್ನು ಒಪ್ಪಿಕೊಂಡವು. ಅಂದಿನಿಂದ ಐದು, ಏಳು, ಹದಿಮೂರು, ಎಷ್ಟು ಕಾಲಂ ಬೇಕಾದರೂ ಸಲೀಸು. ಬೂಟ್‌ಸ್ಟ್ರಾಪಿನಲ್ಲೂ ಈಗ ದಾರಿಯಿದೆ. ದಾರಿ ತೆರೆದು ಇಷ್ಟು ವರ್ಷವಾದರೂ ಕಣ್ಣುಮುಚ್ಚಿ ಮೂರು ಅಥವಾ ನಾಲ್ಕು ಕಾರ್ಡು ಹಾಕುವ ರೂಢಿ ಹೋಗಿಲ್ಲ.

ಕಾಲಂ ಎಂಬುದು ಎಷ್ಟು ಗಂಭೀರ ವಿಷಯವೆಂದು ಕರ್ನಾಟಕದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪಹಣಿಯಲ್ಲಿ, ಅಂದರೆ ನಮೂನೆ 16ರಲ್ಲಿ, ಒಂಬತ್ತನೇ ಕಾಲಂ ಸ್ವಾಧೀನದಾರರ ಹೆಸರಿನದು, ಹನ್ನೊಂದು ಇತರ ಹಕ್ಕು ಮತ್ತು ಋಣಗಳದು, ಹನ್ನೆರಡರ ಎರಡನೇ ಉಪಕಾಲಂ ಉಳುವವರ ಹೆಸರಿನದು. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದಾಗ ಭೂ ನ್ಯಾಯಮಂಡಳಿಗಳು ತೆರೆದು ನೋಡುತ್ತಿದ್ದ ಮುಖ್ಯ ದಾಖಲೆಗಳಲ್ಲಿ ಪಹಣಿ ಒಂದು. ಹೆಸರು ಕಾಗದದಲ್ಲಿ ಇದ್ದರೆ ಸಾಲದು, 12(2)ರಲ್ಲಿ ಇದೆಯೇ ಎಂಬುದು ಪ್ರಶ್ನೆ. ಅದೇ ಅಕ್ಷರಗಳು ಮೂರು ಮನೆ ಎಡಕ್ಕೆ ಬಿದ್ದರೆ ಒಡೆಯ, ಬಲಕ್ಕೆ ಬಿದ್ದರೆ ಉಳುವವ. ಕಾಲಂನ ಸಂಖ್ಯೆಯೇ ಮಾತಿನ ಭಾಗವಾಗಿಬಿಟ್ಟಿತು. ಇಂದಿಗೂ ತಾಲ್ಲೂಕು ಕಚೇರಿಯ ಮುಂದೆ "ಹನ್ನೊಂದರಲ್ಲಿ ಸೊಸೈಟಿ ಸಾಲ ಕೂತಿದೆ" ಎಂದರೆ ಯಾರೂ ಬಿಡಿಸಿ ಕೇಳುವುದಿಲ್ಲ.

2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದಾಗ ಕಾಲಂಗಳ ಆ ವ್ಯವಸ್ಥೆಯನ್ನು ಹಾಗೆಯೇ ಉಳಿಸಿಕೊಂಡರು. ಅಂದು ಯಾರೋ ನಮೂನೆಯನ್ನು 'ಸರಳ' ಮಾಡಹೊರಟು ಸಂಖ್ಯೆಗಳನ್ನು ಅಳಿಸಿ, ಹೆಸರು, ವಿಸ್ತೀರ್ಣ, ಸಾಲ ಎಂದು ಚೆಂದದ ಪೆಟ್ಟಿಗೆಗಳಾಗಿ ಹಂಚಿದ್ದರೆ ದಶಕಗಳ ಜನಜ್ಞಾನ ಅದರೊಂದಿಗೆ ಅಳಿಸಿಹೋಗುತ್ತಿತ್ತು. ಉಳಿಸಿಕೊಂಡವರ ವಿವೇಕಕ್ಕೆ ನಾನು ಕೈಮುಗಿಯುತ್ತೇನೆ.

ನಾನಿರುವ ಊರಿನಲ್ಲೂ ಕಥೆ ಇದೇ. ಗಾಜಿನ ಗೋಪುರಗಳು ನಿಂತಿರುವುದು ನಾಥೂಪುರ, ಚಕ್ಕರ್‌ಪುರ, ಸಿಕಂದರ್‌ಪುರಗಳಂತಹ ಹಳ್ಳಿಗಳ ಹೊಲಗಳ ಮೇಲೆ. ಆ ಹೊಲಗಳ ನೆನಪು ಹರಿಯಾಣದ ಜಮಾಬಂದಿಯಲ್ಲಿದೆ. ಐದು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುವ ಆ ದಾಖಲೆಯಲ್ಲಿ ಖೇವಟ್ (ಒಡೆತನದ ಖಾತೆ), ಖತೌನಿ (ಉಳುಮೆಯ ಖಾತೆ), ಖಸ್ರಾ (ಹೊಲದ ತುಂಡು) ಸಂಖ್ಯೆಗಳು ಒಂದೊಂದು ಕಾಲಂನಲ್ಲಿ, ಮಾಲೀಕರು ಒಂದರಲ್ಲಿ, ಕೃಷಿಕರು ಮತ್ತೊಂದರಲ್ಲಿ. ಹಿಂದಿ ಓದಲು ಬರುವ, ಪಹಣಿ ಬಲ್ಲ ಕನ್ನಡಿಗರೊಬ್ಬರು ಅದನ್ನು ಮೊದಲ ಸಲ ನೋಡಿದರೂ ಒಡೆಯ ಯಾರು, ಉಳುವವ ಯಾರು ಎಂದು ಹುಡುಕಬಲ್ಲರು. ಭಾಷೆ ಬೇರೆಯಾದರೂ ಕಾಲಂಗಳ ತರ್ಕ ಪರಿಚಿತ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮೆಲ್ಲರ ಕೈಗೆ ಬರುವ ಮತದಾರರ ಪಟ್ಟಿ. ನನ್ನ ಹೆಸರು ಗುರುಗ್ರಾಮದ ಪಟ್ಟಿಯಲ್ಲಿ ಹಿಂದಿಯಲ್ಲಿದೆ, ಅಪ್ಪ ಅಮ್ಮನ ಹೆಸರು ಕರ್ನಾಟಕದ ಪಟ್ಟಿಯಲ್ಲಿ ಕನ್ನಡದಲ್ಲಿದೆ. ಅಚ್ಚು ಮಾತ್ರ ಒಂದೇ: ಅಡ್ಡ ಮೂರು, ಉದ್ದ ಹತ್ತು, ಪುಟಕ್ಕೆ ಮೂವತ್ತು ಪೆಟ್ಟಿಗೆ. ಪ್ರತಿ ಪೆಟ್ಟಿಗೆಯಲ್ಲೂ ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ ಎಂಬ ಅದೇ ಶೀರ್ಷಿಕೆಗಳು ಮೂವತ್ತು ಸಲ. ಭಾವಚಿತ್ರ ಸೇರಿಸುವ ಮುಂಚಿನ ಪಟ್ಟಿಗಳು ಹೀಗಿರಲಿಲ್ಲ. ಒಬ್ಬರಿಗೆ ಒಂದು ಸಾಲು, ವಯಸ್ಸಿಗೆ ಒಂದು ಕಾಲಂ, ಮನೆ ಸಂಖ್ಯೆಗೆ ಒಂದು ಕಾಲಂ ಇರುತ್ತಿತ್ತು. ಚಿತ್ರಕ್ಕೆ ಜಾಗ ಬೇಕಾಯಿತು, ಸಾಲು ಪೆಟ್ಟಿಗೆಯಾಯಿತು.

ಬದಲಾವಣೆಗೆ ಕಾರಣವಿತ್ತು, ನಿಜ. ಮತಗಟ್ಟೆಯಲ್ಲಿ ಕೂತ ಅಧಿಕಾರಿಗೆ ಮುಖ ಹೋಲಿಸಿ ನೋಡಲು ಪೆಟ್ಟಿಗೆಯೇ ಅನುಕೂಲ. ಅವರು ನೋಡುವುದು ಒಂದು ಸಲಕ್ಕೆ ಒಬ್ಬರನ್ನು. ಆದರೆ ಅದೇ ಪಟ್ಟಿಯನ್ನು ಪರಿಶೀಲಿಸುವವರು ಒಬ್ಬರನ್ನು ನೋಡುವುದಿಲ್ಲ, ಒಬ್ಬರ ಪಕ್ಕದಲ್ಲಿ ಇನ್ನೊಬ್ಬರನ್ನು ನೋಡುತ್ತಾರೆ. ವಯಸ್ಸುಗಳು ಒಂದರ ಕೆಳಗೊಂದು ನಿಂತಿದ್ದರೆ 43, 38, 71ರ ನಡುವೆ ಕೂತ ಒಂದು ಸೊನ್ನೆಯೋ ಮೂರಂಕಿಯ ಸಂಖ್ಯೆಯೋ ಅಕ್ಕಿಯಲ್ಲಿನ ಕಲ್ಲಿನಂತೆ ಎದ್ದು ಕಾಣುತ್ತದೆ. ಅವನ್ನೇ ಮೂವತ್ತು ಪೆಟ್ಟಿಗೆಗಳಲ್ಲಿ ಹರಡಿದರೆ ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ಓದಬೇಕು. ಒಂದೇ ಮನೆಯ ನಾಲ್ವರು ಒಂದು ಸಾಲಿನಲ್ಲಿ ಹಿಡಿಸುವುದಿಲ್ಲ. ಮೂವರು ಮೇಲೆ, ನಾಲ್ಕನೆಯವರು ಕೆಳಗೆ ಎಡತುದಿಯಲ್ಲಿ. ಇದು ಹುಡುಕಾಟದ ಪ್ರಶ್ನೆಯೂ ಹೌದು. ಪಟ್ಟಿಯನ್ನು ಹುಡುಕಲು ಬರುವ ಪಠ್ಯರೂಪದಲ್ಲೇ ಕೊಡಬೇಕೆಂಬ ಕೋರಿಕೆಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಚಿತ್ರರೂಪದ ಪುಟದಲ್ಲಿ ಕೀಲಿಮಣೆ ಸಹಾಯಕ್ಕೆ ಬರುವುದಿಲ್ಲ, ಕಣ್ಣೇ ಹುಡುಕಬೇಕು. ಹಾಗಿದ್ದಾಗ ಕಣ್ಣಿಗೆ ನೆರವಾಗುವ ಏಕೈಕ ಸಾಧನ ವಿನ್ಯಾಸ. ಚಿತ್ರವಿಲ್ಲದೆ ಸಾರ್ವಜನಿಕರಿಗೆ ಕೊಡುವ ಪ್ರತಿಯಲ್ಲೂ ಚಿತ್ರಕ್ಕಾಗಿ ಹುಟ್ಟಿದ ಪೆಟ್ಟಿಗೆಯನ್ನೇ ಉಳಿಸಿಕೊಂಡಿರುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ. ಆ ಪಟ್ಟಿಯನ್ನು ಕಾಪಾಡುತ್ತಿರುವುದು ಒಂದೇ ಒಂದು ಅಂಶ: ಪ್ರತಿ ಪೆಟ್ಟಿಗೆಗೂ ಕ್ರಮಸಂಖ್ಯೆ ಇದೆ. ಪಟ್ಟಿಯನ್ನು ಮಡಿಸಿದರೂ ಎಲ್ಲಿ ಮಡಿಸಿದೆ ಎಂದು ಅದು ಹೇಳುತ್ತದೆ. ನಾನು ಮಾಡಿದ ಬಳಗದ ಪಟ್ಟಿಯಲ್ಲಿ ಅದೂ ಇರಲಿಲ್ಲ.

ದಿಕ್ಕಿನ ವಿಷಯಕ್ಕೆ ಮರಳುತ್ತೇನೆ. ನಮ್ಮ ಮನೆಗಳ ಅನೇಕ ಗೋಡೆ ಕ್ಯಾಲೆಂಡರುಗಳಲ್ಲಿ ಭಾನು, ಸೋಮ, ಮಂಗಳ ಎಂಬ ವಾರಗಳು ಎಡಗಡೆ ಮೇಲಿನಿಂದ ಕೆಳಕ್ಕೆ ನಿಂತಿರುತ್ತವೆ, ತಾರೀಖುಗಳು ಕೆಳಗಿಳಿಯುತ್ತಾ ಬಲಕ್ಕೆ ಸರಿಯುತ್ತವೆ. ಫೋನಿನ ಕ್ಯಾಲೆಂಡರಿನಲ್ಲಿ ವಾರಗಳು ತಲೆಯ ಮೇಲೆ, ತಾರೀಖು ಅಡ್ಡಡ್ಡ. ಎರಡೂ ಸರಿಯೇ, ಏಕೆಂದರೆ ತಿಂಗಳು ನಿಜವಾದ ಕೋಷ್ಟಕ. ಅದನ್ನು ತಿರುಗಿಸಿ ನಿಲ್ಲಿಸಬಹುದು, ಆದರೆ ಏಳನ್ನು ಆರು ಮಾಡಲಾಗದು. ನನ್ನ ಅಮ್ಮ ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನ ಮನೆಗಳಲ್ಲೇ ಬರೆಯುತ್ತಾರೆ. ಗುರುಗ್ರಾಮಕ್ಕೆ ಬಂದಾಗ ಇಲ್ಲಿನ ಅಡ್ಡ ಕ್ಯಾಲೆಂಡರಿನಲ್ಲಿ ಎರಡು ದಿನ ತಪ್ಪು ಮನೆಯಲ್ಲಿ ಬರೆದರು. ಐವತ್ತು ವರ್ಷ ಕಣ್ಣು ಇಳಿದ ದಾರಿ ಬೇರೆ.

ಕನ್ನಡಕ್ಕೆ ಓದುವ ದಾರಿಯ ಮಹತ್ವ ಹೊಸದಲ್ಲ. ಸಿರಿಭೂವಲಯ ಎಂಬ ಅಂಕಕಾವ್ಯದ ಚಕ್ರಗಳಲ್ಲಿ 27 ಸಾಲು, 27 ಕಾಲಂ, ಒಟ್ಟು 729 ಮನೆ. ಒಂದರಿಂದ ಅರವತ್ತನಾಲ್ಕರವರೆಗಿನ ಅಂಕಿಗಳು ಅಕ್ಷರಗಳ ಬದಲಿಗೆ ಕೂತಿವೆ. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಆ ಚರ್ಚೆ ಇಲ್ಲಿ ಬೇಡ. ನನಗೆ ಮುಖ್ಯವಾದದ್ದು, ಅಲ್ಲಿ ಮನೆಯಿಂದ ಮನೆಗೆ ಹೋಗುವ ದಾರಿಗೇ ಬಂಧ ಎಂಬ ಹೆಸರಿದೆ. ಬಂಧ ತಿಳಿಯದವರಿಗೆ ಎದುರಿಗಿರುವುದು ಬರೀ ಅಂಕಿ.

ಪ್ರತಿ ಗ್ರಿಡ್ಡಿಗೂ ಹೀಗೆ ಒಂದು ಬಂಧವಿದೆ. ಮುದ್ರಿತ ಪುಟದ ಬಂಧ ಉದ್ದಕ್ಕೆ ಇಳಿಯುವುದು. ಪತ್ರಿಕೆಯ ಅಂಕಣ, ಹಿಂದೆ ಅಚ್ಚಾಗುತ್ತಿದ್ದ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಸಂಖ್ಯೆಗಳು, ಡೈರೆಕ್ಟರಿ ಎಲ್ಲವೂ ಹಾಗೆಯೇ. ಪರದೆಯ ಗ್ರಿಡ್ ಮಾತ್ರ ಅಡ್ಡಕ್ಕೆ ತುಂಬುತ್ತದೆ. ಇದರಲ್ಲಿ ಹುನ್ನಾರವೇನೂ ಇಲ್ಲ. ಕಾಗದಕ್ಕೆ ತಳವಿದೆ, ಪರದೆಗೆ ತಳವಿಲ್ಲ. ಇನ್ನೂರು ಹೆಸರನ್ನು ಮೂರು ಉದ್ದ ಕಾಲಂ ಮಾಡಿದರೆ ಓದುಗರು ಮೊದಲನೆಯದರ ತಳ ಮುಟ್ಟುವವರೆಗೆ ಸರಿಸಿ, ಮತ್ತೆ ಮೇಲೇರಿ, ಎರಡನೆಯದನ್ನು ಹಿಡಿಯಬೇಕು. ಅಡ್ಡ ತುಂಬಿದರೆ ಆ ಏರಿಳಿತ ತಪ್ಪುತ್ತದೆ. ಆದ್ದರಿಂದ ಅಡ್ಡವನ್ನು ಬಿಟ್ಟು ಉದ್ದ ಮಾಡಿ ಎಂದು ನಾನು ಹೇಳುತ್ತಿಲ್ಲ. ಅಕ್ಷರಕ್ಕೊಂದು ತಲೆಬರಹ ಕೊಟ್ಟು ಪಟ್ಟಿಯನ್ನು ತುಂಡು ಮಾಡಿ, ಪ್ರತಿ ತುಂಡೂ ಒಂದೇ ನೋಟಕ್ಕೆ ಸಿಗುವಷ್ಟು ಚಿಕ್ಕದಾಗಿರಲಿ, ಆಗ ಯಾವ ದಿಕ್ಕಿನಲ್ಲಿ ತುಂಬಿದರೂ ಯಾರೂ ಕಳೆದುಹೋಗುವುದಿಲ್ಲ. ಕ್ರಮಸಂಖ್ಯೆ ಹಾಕಿ. ಕಾಲಂ ಬೇಕೇ ಬೇಕೇ ಎಂದೂ ಒಮ್ಮೆ ಕೇಳಿಕೊಳ್ಳಿ. ಹೆಸರು ಹುಡುಕುವವರಿಗೆ ಒಂದೇ ಕಾಲಂನಷ್ಟು ಒಳ್ಳೆಯದು ಇನ್ನೊಂದಿಲ್ಲ.

ಅಕಾರಾದಿಯೂ ಯಂತ್ರಕ್ಕೆ ಬಿಟ್ಟರೆ ಕೈಕೊಡುತ್ತದೆ. ಯುನಿಕೋಡ್ ಸಂಖ್ಯೆಗಳಲ್ಲಿ ಳಕಾರ ಲಕಾರದ ಬೆನ್ನಿಗೇ ಇದೆ. ನಮ್ಮ ನಿಘಂಟುಗಳಲ್ಲಿ ಅದು ಹಕಾರವೂ ಮುಗಿದ ಮೇಲೆ ಬರುತ್ತದೆ. ಬರೀ ಸಂಖ್ಯೆಯ ಮೇಲೆ ಜೋಡಿಸಿದ ಪಟ್ಟಿಯಲ್ಲಿ 'ಕಳಸ' ಎಂಬ ಪದ 'ಕವಿತಾ' ಎಂಬುದಕ್ಕಿಂತ ಮೊದಲೇ ಬಂದು ಕೂರುತ್ತದೆ. ಪಟ್ಟಿ ಒಂದೇ ಕಾಲಂ ಇದ್ದರೆ ಕಣ್ಣು ಹೇಗೋ ಹಿಡಿದುಬಿಡುತ್ತದೆ. ಮಡಿಸಿದ ಪಟ್ಟಿಯಲ್ಲಿ ಎರಡು ತಪ್ಪುಗಳು ಕೂಡಿ ಹೆಸರು ಸಿಗದೇ ಹೋಗುತ್ತದೆ.

ಗ್ರಿಡ್ಡಿನ ಮನೆಯ ಒಳಗೆ ಏನಾಗುತ್ತದೆ ಎಂಬುದನ್ನು ಹೇಳದಿದ್ದರೆ ಈ ಮಾತು ಅರ್ಧವಾಗುತ್ತದೆ. ಗುರುಗ್ರಾಮದ ಕಚೇರಿಗಳಲ್ಲಿ ಟೆಂಪ್ಲೇಟುಗಳನ್ನು ಇಂಗ್ಲಿಷಿನಲ್ಲಿ ಅಳೆದು ಹೊಲಿಯುತ್ತಾರೆ, ಆಮೇಲೆ ಹಿಂದಿ, ಕನ್ನಡ, ತಮಿಳಿಗೆ ತೊಡಿಸುತ್ತಾರೆ. ಎಲ್ಲ ಮನೆಗಳೂ ಒಂದೇ ಎತ್ತರ ಇದ್ದರೆ ಗ್ರಿಡ್ ನೇರವಾಗಿ ಕಾಣುತ್ತದೆಂದು ಎತ್ತರವನ್ನು ಬಿಗಿ ಮಾಡುತ್ತಾರೆ, ಮಿಕ್ಕಿದ್ದನ್ನು ಮರೆಮಾಡುತ್ತಾರೆ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡಕ್ಕೆ ಸಾಲಿನ ಕೆಳಗೂ ಬದುಕಿದೆ: ಒತ್ತಕ್ಷರಗಳು ಇರುವುದು ಅಲ್ಲಿ. ಎರಡು ಸಾಲಿಗೆ ಬಿಗಿದ ಮನೆಯಲ್ಲಿ ಎರಡನೆಯ ಸಾಲಿನ ಒತ್ತುಗಳು ಅರ್ಧ ಕತ್ತರಿಸಿಹೋಗಿ 'ಅಕ್ಕ'ನ ಕೆಳಗಿನ ಕ ಮಾಯವಾಗುತ್ತದೆ. ಓದುವವರು ಊಹಿಸಿಕೊಳ್ಳುತ್ತಾರೆ, ನಿಜ. ಔಷಧಿಯ ಹೆಸರನ್ನು, ಊರಿನ ಹೆಸರನ್ನು ಯಾಕೆ ಊಹಿಸಿಕೊಳ್ಳಬೇಕು?

ಕೆಲವು ಟೆಂಪ್ಲೇಟುಗಳು ಎಣಿಸಿ ಕತ್ತರಿಸುತ್ತವೆ, ಇಷ್ಟು ಅಕ್ಷರ ಮೀರಿದರೆ ಮೂರು ಚುಕ್ಕೆ. ಯಂತ್ರ ಎಣಿಸುವುದು ಕನ್ನಡದ ಅಕ್ಷರವನ್ನಲ್ಲ, ಯುನಿಕೋಡಿನ ಬಿಂದುಗಳನ್ನು. 'ಸ್ತ್ರೀ' ನಮಗೆ ಒಂದಕ್ಷರ. ಯಂತ್ರಕ್ಕೆ ಆರು: ಸ, ವಿರಾಮ, ತ, ವಿರಾಮ, ರ, ಈಕಾರದ ಗುರುತು. ಕತ್ತರಿ ಇವುಗಳ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. 'ಲಕ್ಷ್ಮೀ' ಎಂಬ ಎರಡಕ್ಷರದ ಹೆಸರು ಯಂತ್ರದ ಲೆಕ್ಕದಲ್ಲಿ ಏಳು. ಲಕ್ಷ್ಮೀನಾರಾಯಣಪ್ಪ ಎಂಬುವರ ಹೆಸರನ್ನು ಹದಿನೈದಕ್ಕೆ ಕತ್ತರಿಸಿದರೆ 'ಲಕ್ಷ್ಮೀನಾರಾಯಣಪ್' ಎಂದು ನಿಲ್ಲುತ್ತದೆ, ಯಾವ ಕನ್ನಡಿಗನೂ ಹಾಗೆ ಹೆಸರನ್ನು ನಿಲ್ಲಿಸುವುದಿಲ್ಲ. ಒಬ್ಬ ಮನುಷ್ಯನ ಹೆಸರಿಗಿಂತ ಚೌಕದ ಅಂಚು ಮುಖ್ಯವಾದಾಗ ಆಗುವುದು ಇದು.

ಕಣ್ಣಿಲ್ಲದವರು ಪುಟವನ್ನು ಕೇಳಿಸಿಕೊಳ್ಳುತ್ತಾರೆ. ನಿಜವಾದ ಕೋಷ್ಟಕವಾಗಿ ಬರೆದಿದ್ದರೆ ಸ್ಕ್ರೀನ್ ರೀಡರ್ "ವಯಸ್ಸು, 43" ಎಂದು ಕಾಲಂನ ಹೆಸರಿನ ಸಮೇತ ಓದುತ್ತದೆ, ಮೇಲೆ ಕೆಳಗೆ ಚಲಿಸಲು ಬಿಡುತ್ತದೆ. ಕಾರ್ಡುಗಳಾಗಿ ಹರಡಿದ ಮೇಲೆ ಆ ಸಂಬಂಧ ಇರುವುದಿಲ್ಲ, 43 ಎಂಬುದು ಬರೀ 43. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾಹಿತಿ ಎಲ್ಲರಿಗೂ ಎಟುಕಬೇಕೆಂದು ಹೇಳುತ್ತದೆ. ಕೋಷ್ಟಕವನ್ನು ಕೋಷ್ಟಕವಾಗಿ ಬರೆಯುವುದು ಅದರ ಅತಿ ಅಗ್ಗದ ಪಾಲನೆ.

ನನ್ನ ಜೊತೆ ಕೆಲಸ ಮಾಡುವವರು ಇದಕ್ಕೆ ಕೊಡುವ ಉತ್ತರ ಗೊತ್ತಿದೆ: ಜನ ನೋಡುವುದು ಫೋನಿನಲ್ಲಿ, ಅಂಗೈಯಗಲದ ಪರದೆಯಲ್ಲಿ ಹನ್ನೆರಡು ಕಾಲಂ ಎಲ್ಲಿ ಹಿಡಿಸುತ್ತದೆ? ಇದು ಹಗುರವಾದ ಆಕ್ಷೇಪವಲ್ಲ, ಮತ್ತು ಪೂರ್ತಿ ಪರಿಹಾರ ನನ್ನ ಬಳಿಯೂ ಇಲ್ಲ. ಆದರೂ ದಾರಿಗಳಿವೆ. ಮೊದಲ ಕಾಲಂ ಕದಲದಂತೆ ನಿಲ್ಲಿಸಿ ಉಳಿದವು ಅಡ್ಡ ಸರಿಯುವಂತೆ ಮಾಡಬಹುದು. ಓದುಗರಿಗೆ ಬೇಕಾದ ಎರಡು ಕಾಲಂಗಳನ್ನು ಅವರೇ ಆರಿಸಿಕೊಳ್ಳಲು ಬಿಡಬಹುದು. ಪಹಣಿಯನ್ನು ಪೆಟ್ಟಿಗೆಗಳಾಗಿ ಒಡೆಯಲೇಬೇಕಾದರೂ ಪ್ರತಿ ಪೆಟ್ಟಿಗೆಯ ತಲೆಯ ಮೇಲೆ 9, 11, 12(2) ಎಂಬ ಸಂಖ್ಯೆ ಉಳಿಸಬಹುದು. ಅಗಲ ಕಡಿಮೆ ಎಂಬ ಕಾರಣಕ್ಕೆ ಅರ್ಥವನ್ನೂ ಕಡಿಮೆ ಮಾಡಬೇಕೆಂದಿಲ್ಲ.

ಇನ್ನೊಂದು ಆಕ್ಷೇಪ, ಕಾರ್ಡು ಚೆಂದ ಎಂಬುದು. ಸೀರೆಯ ಅಂಗಡಿಗೆ ಒಪ್ಪುತ್ತೇನೆ. ಒಂದೊಂದು ಸೀರೆಯನ್ನೂ ಬಿಡಿಸಿ ನೋಡಬೇಕು, ಚಿತ್ರ ದೊಡ್ಡದಿರಬೇಕು, ಅಲ್ಲಿ ನಾಲ್ಕು ಕಾಲಂನ ಮಡಿಸಿದ ಪಟ್ಟಿಯೇ ಸರಿ. ವಿಮೆಯ ಕಂತಿಗೆ, ಸಾಲದ ಬಡ್ಡಿಗೆ, ಬಸ್ಸಿನ ಹೊತ್ತಿಗೆ ಅದು ಸರಿಯಲ್ಲ. ಅಲ್ಲಿ ಜನ ಬರುವುದು ಹೋಲಿಸಲು. ಬೆಲೆಗಳು ಒಂದರ ಕೆಳಗೊಂದು ನಿಂತರೆ ಯಾವುದು ದುಬಾರಿ ಎಂದು ಕ್ಷಣದಲ್ಲಿ ತಿಳಿಯುತ್ತದೆ. ಪೆಟ್ಟಿಗೆಗಳಲ್ಲಿ ಹಂಚಿಹೋದರೆ ಪ್ರತಿಯೊಂದೂ ತನ್ನಷ್ಟಕ್ಕೆ ಆಕರ್ಷಕ. ಕೋಷ್ಟಕ ಕೊಳ್ಳುವವರ ಪರ, ಕಾರ್ಡು ಮಾರುವವರ ಪರ. ಮಾರಾಟದ ತಾಣಗಳು ಕಾರ್ಡನ್ನು ಇಷ್ಟಪಡುವುದು ಸಹಜ. ಅದೇ ಅಚ್ಚನ್ನು ಸರ್ಕಾರಿ ದಾಖಲೆಗೂ ಸಂಘದ ಪಟ್ಟಿಗೂ ಶಾಲೆಯ ಪುಟಕ್ಕೂ ತಂದು ಹಾಕುವವರು ತಾವು ಯಾರ ಪರ ಎಂದು ನೋಡಿಕೊಳ್ಳಬೇಕು.

ಟೆಂಪ್ಲೇಟ್ ಬರೆಯುವ ಕನ್ನಡದ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿದ್ದೀರಿ, ಪುಣೆಯಲ್ಲಿದ್ದೀರಿ, ಇಲ್ಲಿ ಗುರುಗ್ರಾಮದಲ್ಲೂ ಇದ್ದೀರಿ. ನಿಮ್ಮಲ್ಲಿ ಒಂದು ಕೋರಿಕೆ. ಗ್ರಿಡ್ ಸರಿಯಾಗಿದೆಯೇ ಎಂದು ನೋಡಲು ನಾವೆಲ್ಲ ಅರ್ಥವಿಲ್ಲದ ಲ್ಯಾಟಿನ್ ಪದಗಳನ್ನೂ ಜಾನ್, ಮೇರಿ ಎಂಬ ಹೆಸರುಗಳನ್ನೂ ತುಂಬಿ ಪರೀಕ್ಷಿಸುತ್ತೇವೆ. ನಾಳೆಯಿಂದ ಅದರ ಜಾಗದಲ್ಲಿ ಲಕ್ಷ್ಮೀನಾರಾಯಣಪ್ಪ, ಜ್ಯೋತ್ಸ್ನಾ, ಶ್ರೀರಂಗಪಟ್ಟಣ, ಸ್ತ್ರೀಶಕ್ತಿ ಎಂಬ ಪದಗಳನ್ನು ತುಂಬಿ ನೋಡಿ. ಇಪ್ಪತ್ತೈದು ವರ್ಗೀಯ ವ್ಯಂಜನಗಳನ್ನು ಸುರಿದು, ಪರದೆಯನ್ನು ಫೋನಿನ ಅಗಲಕ್ಕೆ ಕುಗ್ಗಿಸಿ, ಕ ಕೆಳಗೆ ಚ ಉಳಿಯಿತೇ ಎಂದು ನೋಡಿ. ಆಮೇಲೆ ಡೈರೆಕ್ಟರಿ ಓದಿ ಬೆಳೆದ ಹಿರಿಯರೊಬ್ಬರ ಕೈಗೆ ಕೊಟ್ಟು, ಅವರ ಹೆಸರನ್ನು ಅವರೇ ಹುಡುಕಲಿ, ನೀವು ಪಕ್ಕದಲ್ಲಿ ಕೂತು ಅವರ ಬೆರಳು ಯಾವ ಕಡೆ ಹೋಗುತ್ತದೆ ಎಂದು ಗಮನಿಸಿ.